ಎರಡನೇ ಸಾಲಿಗೇ ನಿಂತ ನಮ್ಮ ಬ್ಲೂಸ್ ಬ್ಯಾಂಡು

ಸಂಗೀತ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಂಡು ಕಟ್ಟದೆ ಕೂರುವುದು ಹೇಡಿತನ ಎಂದು ನಾನು ನಂಬಿದ್ದೆ.

ಹಿರಿಯೂರಿನಲ್ಲಿ ನನ್ನದೊಂದು ಗೊಬ್ಬರದ ಅಂಗಡಿ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಬ್ಲೂಸ್ ಎಂಬ ಅಮೆರಿಕದ ದುಃಖದ ಹಾಡು ಕೇಳಿದೆ. ಒಂದು ಅಕ್ಷರವೂ ಅರ್ಥವಾಗಲಿಲ್ಲ, ಆದರೆ ಕುತೂಹಲ ಹತ್ತಿತು. ಈ ಮನುಷ್ಯ ಹೇಳಿದ್ದನ್ನೇ ಎರಡು ಸಲ ಯಾಕೆ ಹೇಳುತ್ತಾನೆ? ವಾರಗಟ್ಟಲೆ ಸಂಶೋಧನೆ ನಡೆಸಿದ ಮೇಲೆ ಗುಟ್ಟು ಸಿಕ್ಕಿತು. ಮೊದಲ ಸಾಲು ಗೋಳು. ಎರಡನೇ ಸಾಲು ಅದೇ ಗೋಳು. ಮೂರನೇ ಸಾಲಿನಲ್ಲಿ ತಿರುವು. ಇಷ್ಟೇನಾ! ಗಿಟಾರು ತಂದೇಬಿಟ್ಟೆ.

ಹರಿಯಬ್ಬೆಯ ಪಾಲಯ್ಯ ಕುರಿ ಸಾಕುವವನು, ಉರುಮೆ ಬಾರಿಸುವುದರಲ್ಲಿ ಪಳಗಿದ ಕೈ. ಡ್ರಮ್ಮು ಅವನಿಗೆ. ಮೋಟಾರು ರಿವೈಂಡಿಂಗ್ ಮಾಡುವ ತಿಪ್ಪೇಶನಿಗೆ ತಂತಿಗಳ ಒಡನಾಟ ಹಳೆಯದು. ಬೇಸ್ ಗಿಟಾರು ಅವನಿಗೆ. ಸಾಹಿತ್ಯ ಮತ್ತು ಗಾಯನದ ಹೊಣೆಯನ್ನು ನಾನು ವಿನಯದಿಂದ ಹೊತ್ತುಕೊಂಡೆ.

ಹಾಡು ಹೀಗಿತ್ತು: ‘ಹೆಂಡ್ತಿ ಬಿಟ್ಟು ಹೋದ್ಲು, ಮನೆ ಬಣಬಣ ಅಂತೈತೆ.’ ಇದೇ ಸಾಲು ಇನ್ನೊಮ್ಮೆ. ಆಮೇಲೆ ತಿರುವು: ‘ಸಂಜೆ ಬಸ್ಸಿಗೆ ಬರ್ತಾಳೆ, ಸಂತೆಗೆ ಹೋಗವ್ಳೆ!’

“ನನ್ ಮ್ಯಾಲೆ ಯಾಕ್ರೀ ಹಾಡು ಕಟ್ತೀರಿ?” ಎಂದಳು ನನ್ನ ಹೆಂಡತಿ ರತ್ನ.

“ನಿನ್ ಮ್ಯಾಲಲ್ಲ ಕಣೆ. ಇದು ಕಲೆ!” ಎಂದೆ.

ಪಾಲಯ್ಯನ ಅಣ್ಣ ಹರಿಯಬ್ಬೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಊಟವಾದ ಮೇಲೆ ಶಾಮಿಯಾನದಲ್ಲಿ ನಮ್ಮ ಪ್ರಥಮ ಕಛೇರಿ. ರತ್ನ ಒಳಗೆ ಹೆಂಗಸರ ಜೊತೆ ತಾಂಬೂಲದ ಚೀಲ ತುಂಬುತ್ತಿದ್ದಳು. ನಾನು ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದೆ. ಸಭೆ ಸ್ತಬ್ಧವಾಯಿತು. ಗೆದ್ದೆ ಅಂದುಕೊಂಡೆ! ಅದೇ ಸಾಲನ್ನು ಮತ್ತೆ ಹಾಡಿದೆ.

“ಏ, ನಿಲ್ಸ್ರಪ್ಪ ಬಡಿಯೋದ!” ಎಂದು ಮುಂದೆ ಕೂತಿದ್ದ ರಂಗಪ್ಪಜ್ಜ ಎದ್ದು ನಿಂತರು. ಊರಿನ ನ್ಯಾಯ ಪಂಚಾಯ್ತಿಯೆಲ್ಲ ಅವರದೇ. “ಯಾವತ್ತು ಹೋದ್ಲಪ್ಪ?”

“ಅಜ್ಜ, ಇದು ಹಾಡು.”

“ಮುಚ್ಚಿಡ್ಬ್ಯಾಡ. ಒಂದೇ ಮಾತು ಎರಡೆರಡು ಸಲ ಹೇಳ್ತೀಯ ಅಂದ್ರೆ ಮನಸ್ಸು ಎಷ್ಟು ಕೆಟ್ಟಿರ್ಬೇಕು! ಬಾ, ಕುಂತ್ಕ.”

“ಇನ್ನೊಂದು ಸಾಲು ಐತೆ ಅಜ್ಜ...”

“ಎಲ್ಲಾ ಬಿಡಿಸಿ ಹೇಳುವಂತೆ. ಮೊದ್ಲು ನೀರು ಕುಡಿ.”

ಕುರ್ಚಿಗಳು ತಾವಾಗಿಯೇ ದುಂಡಗೆ ಸರಿದವು. ನಾನು ಕುಡಿಯುತ್ತೇನೆಯೇ, ಕೈ ಮಾಡುತ್ತೇನೆಯೇ, ಅತ್ತೆ ಸೊಸೆ ಹೇಗೆ, ಎಲ್ಲವೂ ವಿಚಾರಣೆಗೆ ಬಂತು. “ಅಂಗಡಿ ತೂಕದಾಗೇ ಸರಿ ಇಲ್ಲ, ಇನ್ನು ಮನೇಲಿ?” ಎಂದ ಗಿರಾಕಿಯೊಬ್ಬ. ಹೊಸ ಮನೆಯ ಯಜಮಾನನಂತೂ, “ಹಾಲು ಉಕ್ಕಿಸಿದ ದಿನಾನೇ ಮನೆ ಬಣಬಣ ಅಂದ್ರಲ್ರೀ!” ಎಂದು ತಲೆಯ ಮೇಲೆ ಕೈ ಹೊತ್ತ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹೊಸದುರ್ಗದ ನನ್ನ ಮಾವನಿಗೆ ಫೋನು ಮಾಡಿಬಿಟ್ಟರು. ಅವರು ನಾಲ್ಕು ಜನ ದೊಡ್ಡವರ ಸಮೇತ ಹೊರಟೇಬಿಟ್ಟರಂತೆ!

ನನ್ನ ಮಾನ ಹೋದರೆ ಹೋಗಲಿ. ಏನೂ ಅರಿಯದೆ ಅಡಿಕೆ ಎಣಿಸುತ್ತಿದ್ದ ರತ್ನ ನನ್ನ ಬಾಯಿಯಿಂದಾಗಿ ಗಂಡನ ಮನೆ ಬಿಟ್ಟವಳಾದಳಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಅವಳು ಒಳಗೇ ಇದ್ದಾಳೆ ಎಂದು ಎಷ್ಟು ಕೂಗಿದರೂ ಆ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಫೋನು ಮಾಡಿದ ಅಪ್ಪನನ್ನು ದಾರಿಯಿಂದಲೇ ವಾಪಸ್ ಕಳಿಸಿ, ರತ್ನ ಒಳಗಿನಿಂದ ಬಿರಬಿರನೆ ಬಂದಳು. ನನ್ನ ಕೈಯಿಂದ ಮೈಕು ಕಿತ್ತುಕೊಂಡಳು.

“ನಾನೆಲ್ಲೂ ಹೋಗಿಲ್ಲ!”

ಗಾಬರಿಗೆ ಪಾಲಯ್ಯನ ಕೈ ಡ್ರಮ್ಮಿನ ಮೇಲೆ ಬಿತ್ತು. ಧಡ್!

“ನಾನೆಲ್ಲೂ ಹೋಗಿಲ್ಲ!”

ತಿಪ್ಪೇಶನ ತಂತಿಯೂ ಸೇರಿಕೊಂಡಿತು.

“ಹನ್ನೆರಡು ವರ್ಷದಿಂದ ಹೋಗಾಣ ಅಂದ್ರೂ ಈ ಮನುಷ್ಯ ಎಲ್ಲಿಗೂ ಕರ್ಕೊಂಡು ಹೋಗಿಲ್ಲ!”

ಶಾಮಿಯಾನ ಹಾರಿಹೋಗುವಷ್ಟು ಶಿಳ್ಳೆ! ಅವಳು ಅಲ್ಲಿಗೆ ಬಿಡಲಿಲ್ಲ. “ಒಲೆ ಮ್ಯಾಲೆ ಹಾಲೈತೆ, ನೋಡ್ರಿ ಅಂದೆ. ಹಾಲೈತೆ, ನೋಡ್ರಿ ಅಂದೆ. ಗಿಟಾರು ನೋಡಿದ್ರೇ ಹೊರ್ತು ಹಾಲು ನೋಡ್ಲಿಲ್ಲ!” ಹೆಂಗಸರೆಲ್ಲ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ರಂಗಪ್ಪಜ್ಜ ಟವೆಲ್ ಬೀಸುತ್ತ ಕುಣಿದೇಬಿಟ್ಟರು. ನಾನು ವಾರಗಟ್ಟಲೆ ಹುಡುಕಿದ ಬ್ಲೂಸ್ ನಮ್ಮ ಅಡುಗೆಮನೆಯಲ್ಲೇ ಇತ್ತು, ನನಗೆ ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಪಾಲಯ್ಯ, ತಿಪ್ಪೇಶ ಇಬ್ಬರೂ ಮನೆಗೆ ಬಂದರು. ನನ್ನ ಕಡೆ ನೋಡಲೂ ಇಲ್ಲ.

“ಅಕ್ಕ, ನೀವೇ ಹಾಡ್ರಿ. ಹೊಳಲ್ಕೆರೆ, ಚಿತ್ರದುರ್ಗ, ಎಲ್ಲಾ ಕಡೆ ಹೋಗಾಣ.”

“ನಿನ್ನೆ ಸಿಟ್ಟು ಬಂದಿತ್ತಪ್ಪ, ಅಂದೆ. ಮತ್ತೆ ಬಂದ್ರೆ ಹೇಳ್ತೀನಿ.”

ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಎಂದು ಆ ಭಾನುವಾರವೇ ರತ್ನಳನ್ನು ಮಾರಿಕಣಿವೆ ಅಣೆಕಟ್ಟಿಗೆ ಕರೆದುಕೊಂಡು ಹೋದೆ. ಮುಂದಿನ ಭಾನುವಾರ ದುರ್ಗದ ಕೋಟೆ. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಮೂರನೇ ವಾರ ಪಾಲಯ್ಯ ಅಂಗಡಿಗೆ ಬಂದ.

“ಸಾರ್, ಅಕ್ಕಂಗೆ ಸಿಟ್ಟು ಬಂತಾ?”

“ಇಲ್ಲಪ್ಪ. ಸುತ್ತಾಡಿಸ್ತಿದೀನಿ, ಸಂತೋಷವಾಗವ್ಳೆ.”

ಅವನು ಗೊಬ್ಬರದ ಮೂಟೆಯ ಮೇಲೆ ಕುಸಿದು ಕೂತ. “ಹಾಡೋಕೂ ಬರ್ಲಿಲ್ಲ. ಈಗ ಹಾಡೋರ ಸಿಟ್ಟೂ ಇಳಿಸಿಬಿಟ್ರಿ. ನಿಮ್ಮಂಥೋರು ಬ್ಯಾಂಡಿಗೆ ಸೇರ್ಬಾರ್ದು ಸಾರ್!” ಎಂದು ಎದ್ದು ಹೋದ.

ಬ್ಯಾಂಡಿನ ಸ್ಥಾಪಕನಿಗೇ ಈ ಮಾತು!