ಸಾಂಬಾಕ್ಕೆ ತಾಳ ಹಾಕಿದ ಎಮ್ಮೆ

ಬ್ರೆಜಿಲಿನ ರಿಯೋ ನಗರದ ಈ ವರ್ಷದ ಕಾರ್ನಿವಲ್ ಉತ್ಸವ ಮುಗಿಯುವುದರೊಳಗೆ ಮುನವಳ್ಳಿಯ ಮೊಟ್ಟಮೊದಲ ಕುವೀಕಾ ವಾದಕನಾಗಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ. ಮುನವಳ್ಳಿಯ ಮಾತೇಕೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲ್ಲೂಕುಗಳನ್ನು ಜರಡಿ ಹಿಡಿದರೂ ಇನ್ನೊಬ್ಬ ಸಿಗುವುದಿಲ್ಲ! ಪೈಪೋಟಿಯೇ ಇಲ್ಲದ ಕ್ಷೇತ್ರವನ್ನು ಹುಡುಕಿ ಹುಡುಕಿ ಆರಿಸಿಕೊಳ್ಳುವ ಜಾಣತನ ನನಗೆ ಚಿಕ್ಕಂದಿನಿಂದಲೂ ಇದೆ.

ನನ್ನ ಹೆಸರು ನಿಜಗುಣಪ್ಪ. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಹನ್ನೆರಡು ವರ್ಷದ ಹಿಂದೆ ಫುಟ್‌ಬಾಲ್ ನೋಡಲೆಂದು ಟೀವಿ ಮುಂದೆ ಕೂತವನು, ಪ್ರೇಕ್ಷಕರ ನಡುವೆ ಬಾರಿಸುತ್ತಿದ್ದ ಡೋಲುಗಳಿಗೆ ಮನಸೋತುಬಿಟ್ಟೆ. ಆವತ್ತು ಗೆದ್ದವರು ಯಾರೋ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ನಾನು ಮೈಯಿಂದ ಮುನವಳ್ಳಿಯವನು, ಕಿವಿಯಿಂದ ರಿಯೋದವನು. ಮೊಬೈಲಿನಲ್ಲಿ ಅಲ್ಲಿಯ ರೇಡಿಯೊ ಹಚ್ಚಿ, ಅವರ ಕುಣಿತದ ಸಂಗೀತವಾದ ಸಾಂಬಾ ಕೇಳುತ್ತಲೇ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರಗಳ ಪ್ರತಿ ತೆಗೆಯುತ್ತೇನೆ. ಸಾಂಬಾ ಎಂದರೆ ಸಾಂಬಶಿವನ ಭಜನೆ ಇರಬೇಕೆಂದು ನಮ್ಮ ಹಳೆಯ ಗಿರಾಕಿ ಅಮೋಘಸಿದ್ದಪ್ಪನವರು ಪ್ರತಿ ಸಲವೂ ಮೊಬೈಲಿಗೆ ಕೈಮುಗಿದು ಹೋಗುತ್ತಾರೆ. ನಾನು ತಿದ್ದಲು ಹೋಗಿಲ್ಲ. ಇರುವ ಕೇಳುಗರೇ ಬೆರಳೆಣಿಕೆಯಷ್ಟು, ಅವರನ್ನೂ ಯಾಕೆ ಕಳೆದುಕೊಳ್ಳಲಿ?

ಕುವೀಕಾ ಎಂದರೆ ಸಾಂಬಾ ಮೇಳದ ಒಂದು ವಾದ್ಯ. ನೋಡಲು ಸಣ್ಣ ಡೋಲು, ಆದರೆ ಬಡಿಯುವಂಥದ್ದಲ್ಲ. ಚರ್ಮದ ನಟ್ಟನಡುವೆ ಒಳಗಿನಿಂದ ಒಂದು ಬಿದಿರು ಕಡ್ಡಿ ಕಟ್ಟಿರುತ್ತಾರೆ. ಡೋಲಿನೊಳಗೆ ಕೈ ತೂರಿಸಿ, ಒದ್ದೆ ಬಟ್ಟೆಯಿಂದ ಆ ಕಡ್ಡಿಯನ್ನು ತಿಕ್ಕಬೇಕು. ಇನ್ನೊಂದು ಕೈಯ ಬೆರಳಿನಿಂದ ಹೊರಗಡೆ ಚರ್ಮ ಒತ್ತಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಲ್ಲವರ ಕೈಯಲ್ಲಿ ಅದು ನಗುತ್ತದೆ, ಅಳುತ್ತದೆ, ಹರಟೆ ಹೊಡೆಯುತ್ತದೆ. ನನ್ನ ಕೈಯಲ್ಲಿ ಏನು ಮಾಡಿತೆಂಬುದನ್ನು ಹೇಳಲೆಂದೇ ಈಗ ಕೂತಿದ್ದೇನೆ.

ಅಷ್ಟು ದೂರದಿಂದ ತರಿಸುವ ಬದಲು ಮನೆಯಲ್ಲೇ ತಯಾರಿಸುವುದು ಸ್ವಾಭಿಮಾನಿಗಳ ಲಕ್ಷಣ. ಅಡಿಗೆಮನೆಯ ಚುರುಮುರಿ ಡಬ್ಬಿಯ ತಳ ಕತ್ತರಿಸಿ, ಹಲಗೆ ವಾದ್ಯ ಕಟ್ಟುವವರ ಹತ್ತಿರ ಒಯ್ದು ಆಡಿನ ಚರ್ಮ ಬಿಗಿಸಿಕೊಂಡು ಬಂದೆ. ನನ್ನ ಹೆಂಡತಿ ರಾಜೇಶ್ವರಿಗೆ ಡಬ್ಬಿಯ ತಳ ನಾಪತ್ತೆಯಾದದ್ದು ತಿಳಿಯಲು ಅರ್ಧ ದಿನವೂ ಬೇಕಾಗಲಿಲ್ಲ.

"ಡಬ್ಬಿ ತಳಾ ಎಲ್ಲಿ ಹೋತ್ರಿ?"

"ಕಲಾ ಸೇವಾಕ್ಕ ಹೋತು."

"ಹಂಗಾರ ಚುರಮುರಿ ಎದರಾಗ ಹಾಕ್ಲಿ?"

ಎರಡು ನಿಮಿಷ ಬಾರಿಸಿ ತೋರಿಸಿದರೆ ಮನಸ್ಸು ಕರಗೀತು ಎಂದು ತಿಕ್ಕಿದೆ. ಡಬ್ಬಿ ಒಂದೇ ಸಮನೆ ನರಳಿತು. ರಾಜೇಶ್ವರಿ ಕಿವಿಯ ಮೇಲೆ ಸೆರಗು ಹಾಕಿಕೊಂಡು, ತಾನು ಮನೆಯಲ್ಲಿರುವಾಗ ಇದರ ದನಿ ಏಳಕೂಡದೆಂದು ಅಪ್ಪಣೆ ಹೊರಡಿಸಿದಳು. ಹೀಗಾಗಿ ನನ್ನ ಸಾಧನೆಯೆಲ್ಲ ಅವಳು ಊರಿಗೆ ಹೋಗುವ ದಿನಕ್ಕಾಗಿ ಕಾಯಬೇಕಾಯಿತು.

ಆ ದಿನ ಬಂತು. ಸುರೇಬಾನದಲ್ಲಿ ಅವಳ ತಂಗಿಯ ಮಗಳ ಕುಬಸ, ಎಂದರೆ ಸೀಮಂತ. ಆದರೆ ಹೊರಡುವ ದಿನ ಅವಳಿಗೆ ಮನೆ ಬಿಡಲು ಕಾಲೇ ಏಳುತ್ತಿರಲಿಲ್ಲ. ಕಾರಣ, ಹಿತ್ತಲ ಕೊಟ್ಟಿಗೆಯಲ್ಲಿದ್ದ ಕಾಶಿ. ಕಾಶಿ ನಮ್ಮ ಎಮ್ಮೆ. ನಮ್ಮ ಎಂದರೆ ತಪ್ಪಾದೀತು, ರಾಜೇಶ್ವರಿಯ ಎಮ್ಮೆ. ಕರುವಾಗಿದ್ದಾಗಿನಿಂದ ಅವಳೇ ಸಾಕಿದ್ದು. ಕಳೆದ ಸಲ ಈದಾಗ ಕರು ಸತ್ತೇ ಹುಟ್ಟಿತ್ತು. ಎರಡು ದಿನ ರಾಜೇಶ್ವರಿ ಊಟ ಬಿಟ್ಟಿದ್ದಳು, ಕೊಟ್ಟಿಗೆ ಬಿಟ್ಟು ಎದ್ದಿರಲಿಲ್ಲ. ಈಗ ಕಾಶಿಗೆ ಮತ್ತೆ ದಿನ ತುಂಬಿತ್ತು. ಈ ಸಲ ಕರು ಉಳಿಯಬೇಕು. ಆರು ತಿಂಗಳಿಂದ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಚೀಲ ಹೆಗಲಿಗೇರಿಸಿಕೊಂಡವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು.

"ಅಂಗಡಿ ಬಾಗಲಾ ತಗಿಬ್ಯಾಡ್ರಿ. ಅಕೀ ಮುಂದ ಕುಂದರ್ರಿ. ಒಂದೀಟು ಬ್ಯಾರೆ ಕಂಡ್ರೂ ಡಾಕ್ಟರ್‌ಗೆ ಫೋನ್ ಹಚ್ರಿ. ನಿಮ್ಮ ಕಾಲ ಬೀಳತೇನಿ."

ಎಮ್ಮೆಯ ಮುಂದೆ ಇಡೀ ದಿನ ಕೂರಬೇಕು, ಮನೆಯಲ್ಲಿ ಬೇರೆ ಯಾರೂ ಇಲ್ಲ! ಸಾಧನೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ಅವಳ ಬಸ್ಸು ಊರು ದಾಟಿತೋ ಇಲ್ಲವೋ, ನಾನು ಕೊಟ್ಟಿಗೆಯ ಮುಂದೆ ಸ್ಟೂಲು ಹಾಕಿ, ಬಕೆಟ್‌ನಲ್ಲಿ ನೀರಿಟ್ಟುಕೊಂಡು, ಮೊಬೈಲಿನಲ್ಲಿ ರಿಯೋದ ಮೇಳ ಹಚ್ಚಿ, ಡಬ್ಬಿಯೊಳಗೆ ಕೈ ತೂರಿಸಿದೆ.

ಮೊದಲ ಅರ್ಧ ಗಂಟೆಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಆಮೇಲೆ ಕೈ ಕುದುರಿತು. ತಲೆಯೆತ್ತಿ ನೋಡುತ್ತೇನೆ, ಕಾಶಿ ಮೇವು ಬಿಟ್ಟು ನನ್ನನ್ನೇ ನೋಡುತ್ತಿದ್ದಾಳೆ! ಬೆಳಿಗ್ಗೆ ಹಾಕಿದ ಜೋಳದ ಕಣಿಕೆ ಹಾಕಿದ ಹಾಗೇ ಇತ್ತು, ಹಿಂಡಿಯನ್ನು ಮೂಸಿಯೂ ನೋಡಿರಲಿಲ್ಲ. ಸಂಗೀತಕ್ಕಾಗಿ ಅನ್ನ ನೀರು ಬಿಟ್ಟವರ ಕಥೆ ಕೇಳಿದ್ದೆ, ಹಿಂಡಿ ಬಿಟ್ಟವರನ್ನು ಕಣ್ಣಾರೆ ಕಂಡದ್ದು ಅವತ್ತೇ.

ನನಗೆ ಹುರುಪೇರಿತು. ಲಯ ಏರಿಸಿದೆ. ಕಾಶಿ ಬಾಲ ಎತ್ತಿದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಓಲಾಡತೊಡಗಿದಳು. ಆಗಾಗ ಹಿಂಗಾಲೆತ್ತಿ ತನ್ನ ಹೊಟ್ಟೆಗೆ ತಾನೇ ಒಂದು ಪೆಟ್ಟು ಕೊಡುತ್ತಿದ್ದಳು. ಮಲಗುವಳು, ಏಳುವಳು, ಮತ್ತೆ ಓಲಾಡುವಳು. ಎಲಾ ಇವಳ! ಹನ್ನೆರಡು ವರ್ಷ ಕಾಡಿ ಬೇಡಿದರೂ ಈ ಊರಿನಲ್ಲಿ ಒಬ್ಬ ಮನುಷ್ಯ ಸಾಂಬಾಕ್ಕೆ ಹೆಜ್ಜೆ ಹಾಕಿರಲಿಲ್ಲ. ನನ್ನ ಕಣ್ಣು ನಿಜವಾಗಿ ಒದ್ದೆಯಾಯಿತು. ಕಲಾವಿದನಿಗೆ ಒಬ್ಬ ರಸಿಕ ಸಿಕ್ಕರೆ ಸಾಕು, ಕೋಡಿದ್ದರೇನು?

ಮಧ್ಯಾಹ್ನ ರಾಜೇಶ್ವರಿಯ ಫೋನು ಬಂತು, ಕಾಶಿ ಹೇಗಿದ್ದಾಳೆಂದು. ಎಂದೂ ಇಷ್ಟು ಖುಷಿಯಾಗಿ ಇದ್ದದ್ದೇ ಇಲ್ಲ ಎಂದೆ. ಅವಳು ನಿಟ್ಟುಸಿರು ಬಿಟ್ಟದ್ದು ನನಗಿಲ್ಲಿ ಕೇಳಿಸಿತು. ಆ ನಿಟ್ಟುಸಿರು ನೆನಪಾದರೆ ಈಗಲೂ ನನಗೆ ನಾನೇ ನಾಲ್ಕು ಬಿಗಿಯಬೇಕು ಅನ್ನಿಸುತ್ತದೆ.

ಊಟ ಮುಗಿಸಿ ಎರಡನೆಯ ಕಛೇರಿ ಆರಂಭಿಸಿದೆ. ಈ ಸಲ ಚರ್ಮವನ್ನು ಬಲವಾಗಿ ಒತ್ತಿ, ಕಡ್ಡಿಯನ್ನು ಬುಡದಿಂದ ತುದಿಯವರೆಗೆ ಎಳೆದು ತಿಕ್ಕುವ ಕಸರತ್ತು ಹಿಡಿದಿದ್ದೆ. ಹತ್ತು ನಿಮಿಷವೂ ಆಗಿರಲಿಲ್ಲ, ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಶೆಟ್ಟೆವ್ವ, ಎಪ್ಪತ್ತು ದಾಟಿದವಳು, ಒಂದು ಕೈಯಲ್ಲಿ ಎಳ್ಳೆಣ್ಣೆ, ಇನ್ನೊಂದು ಕೈಯಲ್ಲಿ ಬೆಲ್ಲ ಹಿಡಿದು ಒಳನುಗ್ಗಿದಳು. ಹಿಂದೆಯೇ ಬಿಸಿನೀರಿನ ಕೊಡ, ಹಳೆಯ ಗೋಣಿಚೀಲ, ಹಗ್ಗ ಹಿಡಿದ ಹತ್ತು ಹನ್ನೆರಡು ಜನ. ನಾನು ಗಾಬರಿಯಿಂದ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದೆ.

"ಎಮ್ಮಿ ಒದರೂದು ಊರ ಅಗಸಿತನಾ ಕೇಳಾಕತ್ತೇತಿ. ನೀ ಹಿಂಗ ಕೈ ಕಟಗೊಂಡು ಕುಂತಿಯಲ್ಲೋ ತಮ್ಮಾ," ಎಂದಳು ಶೆಟ್ಟೆವ್ವ. ನಮ್ಮ ಓಣಿಯ ಕಲ್ಮೇಶ ಆಗಲೇ ಬೈಕ್ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿಯಾಗಿತ್ತಂತೆ.

ನಮ್ಮ ಕಡೆ ಎಮ್ಮೆ ಈಯುವುದು ಒಂದು ಮನೆಯ ಸಂಗತಿಯಲ್ಲ, ಓಣಿಯದು. ಕೂಗು ಕೇಳಿದರೆ ಕರೆಯುವ ತನಕ ಯಾರೂ ಕಾಯುವುದಿಲ್ಲ. ಕರು ಬಿದ್ದ ಮೇಲೆ ಮನೆಮನೆಗೂ ಗಿಣ್ಣದ ಹಾಲು ಹೋಗಲೇಬೇಕು. ಶೆಟ್ಟೆವ್ವನ ಹಿಂದೆ ಬಂದವರಲ್ಲಿ ಒಬ್ಬಾಕೆ ಅದಕ್ಕಾಗಿ ಚೆಂಬನ್ನೂ ತಂದಿದ್ದಳು! ಇಷ್ಟು ಜನರ ಎದುರು ನಿಂತು, ಒದರಿದ್ದು ಎಮ್ಮೆಯಲ್ಲ, ನಾನು ಎಂದು ಹೇಳುವುದು ಹೇಗೆ?

ಅಷ್ಟರಲ್ಲಿ ಕಲ್ಮೇಶನ ಬೈಕು ಬಂದೇಬಿಟ್ಟಿತು. ಹಿಂದೆ ಸುಚೇತಾ ಡಾಕ್ಟರು. ಹೊಸದಾಗಿ ಬಂದವರು, ವಯಸ್ಸು ಚಿಕ್ಕದು. ಅವರು ಹಿಡಿದ ಕೆಲಸ ಬಿಟ್ಟು ಬಂದದ್ದನ್ನು ನೋಡಿ ನನ್ನ ಮನಸ್ಸಾಕ್ಷಿ ಚುಚ್ಚಿತು. ಮಾನ ಹೋದರೂ ಸರಿ ಎಂದುಕೊಂಡು ಡಬ್ಬಿಯನ್ನು ಮುಂದೆ ಹಿಡಿದು ತಪ್ಪೊಪ್ಪಿಕೊಂಡೆ. ಬ್ರೆಜಿಲಿನಿಂದ ಆರಂಭಿಸಿ ಚುರುಮುರಿಯವರೆಗೆ ಎಲ್ಲವನ್ನೂ ಹೇಳಿದೆ. ನಂಬದವರಿಗಾಗಿ ಒಂದು ಸಲ ತಿಕ್ಕಿಯೂ ತೋರಿಸಿದೆ. ಓಣಿಗೆ ಓಣಿಯೇ ಬಾಯಿ ತೆರೆದುಕೊಂಡು ನಿಂತಿತು. ಶೆಟ್ಟೆವ್ವ ಬೆಲ್ಲವನ್ನು ಸೆರಗಿಗೆ ಕಟ್ಟಿಕೊಂಡಳು.

ಅಲ್ಲಿಗೇ ನಿಲ್ಲಿಸಿದ್ದರೆ ಡಾಕ್ಟರು ಬೈಕ್ ಏರುತ್ತಿದ್ದರು. ಆದರೆ ಕಲಾವಿದನ ಬಾಯಿ ಸುಮ್ಮನಿರುತ್ತದೆಯೇ?

"ಕಾಶಿಗೆ ಏನೂ ಆಗಿಲ್ರಿ ಮೇಡಂ," ಎಂದೆ. "ಮುಂಜಾನಿಂದ ನನ್ನ ಬಾರಸೂದು ಕೇಳಕೋತ ಮೇವು ಸೈತ ಮುಟ್ಟಿಲ್ಲ. ಬಾಲಾ ಎತ್ತಿ ಕುಣ್ಯಾಕತ್ಯಾಳ. ನಡುನಡುಕ ಹಿಂಗಾಲಿಲೆ ಹೊಟ್ಟಿಗೆ ಬಡಕೊಂಡು ತಾಳಾ ಹಾಕತಾಳ."

ಸುಚೇತಾ ಡಾಕ್ಟರ ಮುಖದಲ್ಲಿದ್ದ ನಗು ಆರಿಹೋಯಿತು.

"ಎಷ್ಟೊತ್ತಾತ್ರಿ ತಾಳಾ ಹಾಕಲಿಕ್ಕೆ ಹತ್ತಿ?"

"ಒಂಬತ್ತರಿಂದ್ರಿ."

ಅವರು ಚೀಲ ತೆರೆದು, ತೋಳಿನ ಬುಡದವರೆಗೆ ಬರುವ ಕೈಗವಸು ಹಾಕಿಕೊಂಡು, ಕಾಶಿಯ ಹಿಂದೆ ಹೋಗಿ ಪರೀಕ್ಷೆ ಮಾಡಿದರು.

"ಗರ್ಭಚೀಲ ತಿರುವಿಕೊಂಡದ," ಎಂದರು. "ಕರು ಬರೋ ದಾರಿನೇ ಮುಚ್ಚಿಬಿಟ್ಟದ. ಅದು ಕುಣತ ಅಲ್ಲರಿ, ಬ್ಯಾನಿ. ಇಂಥಾ ಬ್ಯಾನ್ಯಾಗ ಎಮ್ಮಿ ಒದರೂದಿಲ್ಲ, ಹಿಂಗ ಸುಮ್ಮನ ನೋವು ನುಂಗತಾವ."

ಕರು ಬದುಕಿದೆಯೇ ಎಂದು ಶೆಟ್ಟೆವ್ವ ಕೇಳಿದಳು. ಇನ್ನೂ ಇದೆ, ಆದರೆ ತಡ ಮಾಡುವಂತಿಲ್ಲ, ಎಮ್ಮೆಯನ್ನು ಕೆಡವಿ, ಹೊಟ್ಟೆಯ ಮೇಲೆ ಮರದ ಹಲಗೆಯಿಟ್ಟು ಹೊರಳಿಸಬೇಕು, ಅದಕ್ಕೆ ಹತ್ತು ಜನರಾದರೂ ಬೇಕು ಎಂದರು ಡಾಕ್ಟರು. ಹತ್ತಲ್ಲ, ಹನ್ನೆರಡು ಜನ ಹಗ್ಗ ಹಿಡಿದುಕೊಂಡೇ ನಿಂತಿದ್ದರು!

ಹಗ್ಗ ಬಿಗಿದು ಕಾಶಿಯನ್ನು ಮೆಲ್ಲಗೆ ಮಲಗಿಸಿದರು. ಉದ್ದನೆಯ ಹಲಗೆಯ ಒಂದು ತುದಿ ನೆಲಕ್ಕೆ, ನಡುಭಾಗ ಅವಳ ಹೊಟ್ಟೆಯ ಮೇಲೆ. ಹಲಗೆಯ ಮೇಲೆ ಒಬ್ಬರು ನಿಲ್ಲಬೇಕು, ಎಮ್ಮೆ ಹೊರಳಿದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಸರಿಯಬೇಕು. ತೂಕದವರು ಯಾರು ಎಂದು ಡಾಕ್ಟರು ಕೇಳಿದಾಗ ಓಣಿಯೆಲ್ಲ ಒಮ್ಮತದಿಂದ ನನ್ನ ಕಡೆ ನೋಡಿತು. ಹತ್ತಿದೆ. ಅವರು ಎಳೆದರು, ಕಾಶಿ ಹೊರಳಿದಳು, ನಾನು ಕೈ ಬೀಸುತ್ತ, ಸೊಂಟ ತಿರುವುತ್ತ, ಬೀಳದಂತೆ ಹೆಜ್ಜೆ ಹಾಕಿದೆ. ನನ್ನ ಜನ್ಮದಲ್ಲಿ ನಾನು ಕುಣಿದ ಒಂದೇ ಒಂದು ಸಾಂಬಾ ಅದು. ಬಾಯಲ್ಲಿ ಮಾತ್ರ ಸವದತ್ತಿ ಎಲ್ಲವ್ವನ ಹೆಸರು. ಒಂದು ಸಲ ಆಯಿತು, ಎರಡು ಸಲ ಆಯಿತು. ಮೂರನೆಯ ಹೊರಳಿಗೆ ಡಾಕ್ಟರು ಕೈಹಾಕಿ ನೋಡಿ, ಬಿಚ್ಚಿಕೊಂಡಿತು ಎಂದರು. ನಾನು ಹಲಗೆಯಿಂದ ಇಳಿಯಲಿಲ್ಲ, ಬಿದ್ದೆ.

ಮುಂದಿನ ಒಂದೂವರೆ ಗಂಟೆ ನನ್ನ ಜೀವ ನನ್ನಲ್ಲಿರಲಿಲ್ಲ. ಕೊನೆಗೆ ಕಪ್ಪನೆಯದೊಂದು ಗಂಟು ಗೋಣಿಚೀಲದ ಮೇಲೆ ಜಾರಿತು. ಶೆಟ್ಟೆವ್ವ ಅದರ ಮೂಗು ಬಾಯಿ ಒರೆಸಿದಳು. ಅದು ಸೀನಿತು! ಹೆಣ್ಣುಕರು. ಕಾಶಿ ತಿರುಗಿ ನೆಕ್ಕತೊಡಗಿದಳು. ನಾನು ಗೋಡೆಗೆ ಮುಖ ಮಾಡಿ ಹೋ ಎಂದು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ ಅದರಲ್ಲಿ.

ಡಾಕ್ಟರು ಕೈ ತೊಳೆಯುತ್ತ, ಸಂಜೆಯವರೆಗೆ ಬಿಟ್ಟಿದ್ದರೆ ಎರಡೂ ಜೀವ ಉಳಿಯುತ್ತಿರಲಿಲ್ಲ ಎಂದರು. ಆಮೇಲೆ ನನ್ನ ಡಬ್ಬಿಯ ಕಡೆ ನೋಡಿ, "ನೂರು ವರ್ಷದ ಹಿಂದ ನಮ್ಮ ದೇಶದ ದನಾ ಹಡಗಿನ್ಯಾಗ ಬ್ರೆಜಿಲ್‌ಗೆ ಒಯ್ದಾರರಿ. ಅದರ ಒದರಾಟ ಈಗ ವಾಪಸ್ ಬಂತು ಅನ್ರಿ," ಎಂದು ನಕ್ಕರು. ನಾಳೆ ಬೆಳಿಗ್ಗೆ ಎಮ್ಮೆಗೆ ನೋವು ಪೂರ್ತಿ ಹೋಗಿದೆಯೇ ನೋಡಿ ಫೋನ್ ಮಾಡಿ ಎಂದು ಹೇಳಿ ಹೊರಟರು.

ಸುದ್ದಿ ಮುಟ್ಟಿ ರಾಜೇಶ್ವರಿ ದೀಪ ಹಚ್ಚುವ ಹೊತ್ತಿಗೆ ಬಂದಳು. ನನ್ನನ್ನು ದಾಟಿಕೊಂಡು ನೇರ ಕೊಟ್ಟಿಗೆಗೆ ಹೋದಳು. ಕರುವನ್ನು ತೊಡೆಯ ಮೇಲೆ ಎಳೆದುಕೊಂಡು, ಕಾಶಿಯ ಕೊರಳಿಗೆ ಒರಗಿ ಬಹಳ ಹೊತ್ತು ಕೂತಿದ್ದಳು. ನಡೆದದ್ದನ್ನೆಲ್ಲ ಶೆಟ್ಟೆವ್ವ ಉಪ್ಪು ಖಾರ ಹಚ್ಚಿ ಹೇಳಿದಳು. ರಾಜೇಶ್ವರಿ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಅವಳೇ ನನ್ನ ಕೈಗೆ ಡಬ್ಬಿ ಕೊಟ್ಟಳು. ಕೊಟ್ಟಿಗೆಯ ಮುಂದೆ ಸ್ಟೂಲು ಕೂಡ ಹಾಕಿದ್ದಳು.

"ಬಾರಸ್ರಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಬಾಯಿಂದ ಈ ಮಾತು! ಬಟ್ಟೆ ಒದ್ದೆ ಮಾಡಿಕೊಂಡು, ಇದ್ದಬದ್ದ ವಿದ್ಯೆಯನ್ನೆಲ್ಲ ಸುರಿದು ಬಾರಿಸಿದೆ. ದನಿ ಏರಿಸಿದೆ, ಇಳಿಸಿದೆ, ಅಳಿಸಿದೆ, ನಗಿಸಿದೆ. ಕಾಶಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಬಾಲ ಇಳಿಬಿಟ್ಟು, ನಾಲ್ಕೂ ಕಾಲು ಗಟ್ಟಿಯಾಗಿ ಊರಿ, ನನಗೆ ಬೆನ್ನು ತಿರುಗಿಸಿ ನಿಂತು, ಕರಕರ ಕಣಿಕೆ ತಿನ್ನತೊಡಗಿದಳು.

ರಾಜೇಶ್ವರಿಯ ಕಣ್ಣಲ್ಲಿ ನೀರು ತುಂಬಿತು. ಎದೆಯ ಮೇಲೆ ಕೈಯಿಟ್ಟು ದೊಡ್ಡದಾಗಿ ಉಸಿರು ಬಿಟ್ಟು, ಡಾಕ್ಟರಿಗೆ ಫೋನ್ ಹಚ್ಚಿದಳು.

"ಪೂರಾ ಆರಾಮಾಗ್ಯಾಳ್ರಿ ಮೇಡಂ. ನಮ್ಮನಿಯವರು ಅರ್ಧಾ ತಾಸಿಂದ ಬಾರಿಸಾಕತ್ತಾರ, ಹೊಳ್ಳಿ ಸೈತ ನೋಡವಲ್ಲಳು."