ರುಚಿವಾಣಿ ಮತ್ತು ಚಿತ್ರಾನ್ನದ ಡಬ್ಬಿ

"ಎಲ್ಲಾರೂ ಇಲ್ನೋಡಿ!" ಎಂದು ಸೀತಾಪತಿ ಭಾವ ನಾಲಿಗೆ ಚಾಚಿದರು. ನಾಲಿಗೆಯ ಮೇಲೆ ತಾಮ್ರದ ಬಿಲ್ಲೆ. ಅದರಿಂದ ಹೊರಟ ತಂತಿ ಅಂಗಿ ಜೇಬಿನ ಪೆಟ್ಟಿಗೆಯೊಳಕ್ಕೆ. ಬಿಯರ್ ಪಬ್ಬಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅರವತ್ತೆಂಟು ವರ್ಷದ ಗಂಡಸು ಹೀಗೆ ಕೂತರೆ ಜೊತೆಗಿದ್ದವರ ಗತಿಯೇನು? ನಾನು ಮೆನು ಕಾರ್ಡಿನಲ್ಲಿ ಮುಖ ಮುಚ್ಚಿಕೊಂಡೆ.

"ಇದರ ಹೆಸರು ರುಚಿವಾಣಿ ಕಣೇ ಕುಮುದಾ! ನಾನು ತಿಂದಿದ್ದು ನಿಮ್ಮಕ್ಕನಿಗೆ ರುಚಿಸತ್ತೆ!"

ನಮ್ಮಕ್ಕ ವಿಶಾಲು ಕಿವಿಯ ಹಿಂದೆ ತಾಮ್ರದ ಕ್ಲಿಪ್ಪು ಸಿಕ್ಕಿಸಿಕೊಂಡು ಸಂಕೋಚದಿಂದ ಕೂತಿದ್ದಳು. ಹೋದ ವರ್ಷ ಬಂದ ಜ್ವರ ಅವಳ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಗಿತ್ತು. ಹದಿನಾಲ್ಕು ತಿಂಗಳಾದರೂ ವಾಪಸು ಬಂದಿಲ್ಲ. ರೇಡಿಯೋ ರಿಪೇರಿಯಲ್ಲೇ ತಲೆ ನೆರೆಸಿಕೊಂಡ ಭಾವ ಅಂದಿನಿಂದ ಮಹಡಿ ಕೋಣೆ ಸೇರಿ ಮಾಡಿದ್ದೇ ಈ ಯಂತ್ರ. ಹಳೇ ಗಿರಾಕಿಯ ಮೊಮ್ಮಗ ಪೊನ್ನಪ್ಪ ಈ ಪಬ್ಬಿಗೂ ಇದರ ಹಿಂದಿನ ಬಿಯರ್ ಕಾರ್ಖಾನೆಗೂ ಮ್ಯಾನೇಜರು. "ಬನ್ನಿ ಅಂಕಲ್, ಎಲ್ಲಾ ತೋರಿಸಿ ಊಟ ಹಾಕಿಸ್ತೀನಿ" ಎಂದಿದ್ದ. ಕಹಿ, ಹುಳಿ, ಸಿಹಿ ಎಲ್ಲ ಒಂದೇ ಕಡೆ ಸಿಗುತ್ತದೆ, ಪ್ರಯೋಗಕ್ಕೆ ಇದೇ ಜಾಗ ಎಂದು ಭಾವ ಕುಣಿದರು.

ಊಟಕ್ಕೆ ಮುಂಚೆ ಕಾರ್ಖಾನೆ ಸುತ್ತಿಸುವಾಗ ಪೊನ್ನಪ್ಪ ಹುರಿದ ಬಾರ್ಲಿಯ ಚೀಲ ಬಿಚ್ಚಿದ್ದ. ಏನು ಘಮ ಅಂತೀರಿ! ಅಮ್ಮ ಹುರಿಹಿಟ್ಟು ಮಾಡುವಾಗಿನ ಅದೇ ಘಮ. ಅಕ್ಕ ಚೀಲದೊಳಗೆ ಮುಖವಿಟ್ಟು ತುಂಬ ಹೊತ್ತು ಉಸಿರೆಳೆದಳು. ಆಮೇಲೆ ತಲೆಯೆತ್ತಿ, "ಚೆನ್ನಾಗಿದೆ" ಎಂದು ಸುಮ್ಮನೆ ನಕ್ಕಳು. ನನಗೆ ಅಳು ಬಂತು. ಭಾವ ಅತ್ತ ತಿರುಗಿ ಟ್ಯಾಂಕಿನ ಮೀಟರು ಓದತೊಡಗಿದರು.

ಜನ್ಮದಲ್ಲಿ ಬಿಯರ್ ಮುಟ್ಟದ ಭಾವ ಈಗ ಕಪ್ಪು ಬಿಯರನ್ನು ಕಷಾಯದ ಹಾಗೆ ಗುಟುಕರಿಸಿದರು.

"ಏನಾದ್ರೂ ಗೊತ್ತಾಯ್ತಾ ವಿಶಾಲು?"

"ಏನೂ ಇಲ್ಲ ರೀ."

ಭಾವ ಜೇಬಿಗೆ ಕೈಹಾಕಿ ತಿರುಪು ತಿರುಗಿಸಿದರು.

"ಥೂ, ಕಹಿ!" ಎಂದು ಕಿರುಚಿದವಳು ನಾನು. ನನ್ನ ಬಾಯಲ್ಲಿದ್ದದ್ದು ಟೊಮ್ಯಾಟೊ ಸೂಪಿನ ಚಮಚ! ಪಕ್ಕದ ಮೇಜಿನ ದಂಪತಿ ಐಸ್‌ಕ್ರೀಮ್ ಬಟ್ಟಲು ತಳ್ಳಿ ವೇಟರನ್ನು ಬೈಯತೊಡಗಿದರು.

"ಸ್ಟೀಲು ಕಣೇ! ಸ್ಟೀಲೆಲ್ಲ ಏರಿಯಲ್ ಆಗ್ಬಿಟ್ಟಿದೆ! ಚಮಚ ಹಿಡಿದವರಿಗೆಲ್ಲ ಸಿಗ್ತಿದೆ!" ಭಾವನಿಗೆ ಖುಷಿಯೋ ಖುಷಿ.

"ಬರಿಗೈಯಲ್ಲಿ ಕೂತ ಅಕ್ಕ ಒಬ್ಬಳನ್ನ ಬಿಟ್ಟು ಊರಿಗೆಲ್ಲ ಪ್ರಸಾರವಾ ಭಾವ?"

"ಪವರ್ ಸಾಲ್ದು, ಇರು!" ಎಂದವರೇ ತಿರುಪನ್ನು ಪೂರ್ತಿ ತಿರುಗಿಸಿ ಮೆಣಸಿನಕಾಯಿ ಬಜ್ಜಿ ಕಚ್ಚಿದರು.

ನಲವತ್ತು ಜನ ಒಟ್ಟಿಗೆ ಹಾ ಹೂ ಎಂದರು! ಅಡುಗೆಯವನು ಸೌಟು ಹಿಡಿದೇ ಅಳುತ್ತ ಹೊರಗೋಡಿಬಂದ. ಪೊನ್ನಪ್ಪ ಬೀಗದಕೈ ಗೊಂಚಲು ಎಸೆದು, "ಅಂಕಲ್, ನಿಲ್ಸಿ!" ಎಂದು ಕೂಗಿದ.

"ತಿರುಪು ಕೈಗೇ ಬಂದ್ಬಿಡ್ತಲ್ಲಪ್ಪ!"

ಭಾವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊರಗಿನ ಊಟ ಅವರಿಗೆ ಒಗ್ಗುವುದಿಲ್ಲವೆಂದು ಅಕ್ಕ ಎಲ್ಲಿಗೆ ಹೋದರೂ ಡಬ್ಬಿ ಕಟ್ಟುತ್ತಾಳೆ. ಪಬ್ಬಿಗೂ ಕಟ್ಟಿದ್ದಳು! ಎಡಗೈಯಲ್ಲಿ ಆ ಸ್ಟೀಲ್ ಡಬ್ಬಿ ಹಿಡಿದು, ಬಲಗೈಯಿಂದ ಭಾವನ ಬಾಯಿಗೆ ಚಿತ್ರಾನ್ನದ ತುತ್ತಿಟ್ಟಳು.

"ಬೇಡಾ!" ಎಂದು ನಾನು ಕೂಗುವಷ್ಟರಲ್ಲಿ ಆಗಿಹೋಗಿತ್ತು.

ಉಪ್ಪು! ಸಮುದ್ರವನ್ನೇ ಕುಡಿದವರ ಹಾಗೆ ಇಡೀ ಪಬ್ಬು ಮುಖ ಕಿವಿಚಿತು.

ಅಕ್ಕ ಮಾತ್ರ ಅಲ್ಲಾಡದೆ ನಿಂತಿದ್ದಳು. "ರೀ... ಉಪ್ಪು! ನಿಂಬೆಹುಳಿ! ಕರಿಬೇವು!" ಅವಳ ಕಣ್ಣು ತುಂಬಿ ಬಂತು. ಮರುಕ್ಷಣ ಮುಖ ಬದಲಾಯಿತು. "ಇದು ನನ್ನ ಚಿತ್ರಾನ್ನವಾ? ಹದಿನಾಲ್ಕು ತಿಂಗಳಿಂದ ಭೇಷ್ ಭೇಷ್ ಅಂತ ಎರಡೆರಡು ಸಲ ಹಾಕಿಸ್ಕೊಂಡು ತಿಂದಿದ್ದು ಇಂಥದ್ದನ್ನಾ?"

ಭಾವ ತಲೆ ತಗ್ಗಿಸಿದರು. "ರುಚಿ ಹೋದ ದಿನ, ಇನ್ನು ಒಲೆ ಮುಂದೆ ನಿಂತು ಏನ್ಮಾಡ್ಲಿ ಅಂತ ನೀನು ಅತ್ತಿದ್ದೆ. ಉಪ್ಪು ಜಾಸ್ತಿ ಅಂದ್ರೆ ಸೌಟು ಕೆಳಗಿಟ್ಟುಬಿಡ್ತೀಯ ಅಂತ ಹೆದರಿಕೆ ಕಣೇ."

"ನಿನಗೂ ಗೊತ್ತಿತ್ತೇನೇ ಕುಮುದಾ?"

ನಾನು ಸೂಪನ್ನೇ ನೋಡಿದೆ. ವರ್ಷದಿಂದ ಭಾನುವಾರ ಅಕ್ಕನ ಮನೆಯಲ್ಲಿ ನಾನು ಉಪವಾಸ ಹಿಡಿದದ್ದು ಭಕ್ತಿಗಲ್ಲ.

ಅಕ್ಕ ಇನ್ನೊಂದು ತುತ್ತು ಕಲಸಿದಳು. "ಬಾಯಿ ತೆಗೀರಿ."

"ಇನ್ನೂ ಬೇಕಾ?"

"ನನಗೆ ರುಚಿ ನೋಡ್ಬೇಕು ರೀ."

ಭಾವ ಡಬ್ಬಿ ಪೂರ್ತಿ ಖಾಲಿ ಮಾಡಿದರು. ಅಕ್ಕ ಕಣ್ಣು ಮುಚ್ಚಿ ಒಂದೊಂದು ತುತ್ತನ್ನೂ ಸವಿದಳು.

ತಿರುಪಿಲ್ಲದ ಯಂತ್ರ ಉಪ್ಪಿನ ಮೇಲೇ ನಿಂತುಬಿಟ್ಟಿತು. ಚಮಚ ಕೆಳಗಿಟ್ಟರೂ ಬಾಯಿಯ ಉಪ್ಪು ಇಳಿಯದೆ, ಜನ ನಾಲ್ಕು ಗಂಟೆಯೊಳಗೆ ಐದು ಟ್ಯಾಂಕು ಬಿಯರ್ ಬರಿದು ಮಾಡಿದರು! ಪೊನ್ನಪ್ಪ ಕೈಮುಗಿದು, "ಆಂಟಿ, ಮುಂದಿನ ಶನಿವಾರಾನೂ ಡಬ್ಬಿ ತರ್ತೀರಾ?" ಎಂದ.

ಈಗ ಅಕ್ಕ ಸಾರು ಕುದಿಸುವಾಗ ಭಾವ ಬಿಲ್ಲೆ ಕಚ್ಚಿಕೊಂಡು ಒಲೆ ಪಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಅವರು ಒಂದು ಗುಟುಕು ಹೀರಿದರೆ, ಸ್ಟೀಲ್ ಸೌಟು ಹಿಡಿದ ಅಕ್ಕ, "ಇನ್ನೊಂದು ಚಿಟಿಕೆ ಉಪ್ಪು ಸಾಕು" ಎನ್ನುತ್ತಾಳೆ. ಅದೇ ಹೊತ್ತಿಗೆ ಬೀದಿಯವರ ಸ್ಟೀಲ್ ಲೋಟದ ಕಾಫಿಯೆಲ್ಲ ಸಾರಾಗುತ್ತದೆಂದು ದೂರು ಬಂದಿದೆ. ನಾನಂತೂ ಭಾನುವಾರದ ಉಪವಾಸ ಬಿಟ್ಟಿದ್ದೇನೆ.