ಶಶಿರೇಖಾ ನಾಮೋಚ್ಚಾರ ವಿಜಯವು

ಹೇ ವಾಗ್ದೇವಿಯೇ, ಮನುಷ್ಯರು ಮೌನ ತಾಳಿ ಮೊಬೈಲುಗಳೇ ಮಾತಾಡುತ್ತಿರುವ ಈ ಕಲಿಯುಗದಲ್ಲಿ, ಧಾರವಾಡದ ಒಂದು ಓಣಿಯೊಳಗೆ ನಡೆದ ಘೋರ ಸಮರವನ್ನು ಬಣ್ಣಿಸಲು ಕಥೆಗಾರನ ನಾಲಿಗೆಯ ಮೇಲೆ ಕ್ಷಣಕಾಲ ನೆಲೆಸು!

ಸಮಸ್ತವರ್ಣಮಾಲಾಧೀಶ್ವರರೂ, ಅಲ್ಪಪ್ರಾಣ-ಮಹಾಪ್ರಾಣ-ಭೇದ-ವಿಚಕ್ಷಣರೂ, ನಲವತ್ತು ವರ್ಷ ಶಾಲೆಯ ಮಕ್ಕಳ ನಾಲಿಗೆಗಳನ್ನು ತಿದ್ದಿ ತೀಡಿದವರೂ ಆದ ನಿವೃತ್ತ ಕನ್ನಡ ಮಾಸ್ತರ ಗದಿಗೆಯ್ಯನವರು ತಮ್ಮ ಲಗ್ನದ ಐವತ್ತನೆಯ ವರ್ಷದ ದಿನ ಮಠಕ್ಕೆ ಹೋಗಿ, ಮುನ್ನಾದಿನವಷ್ಟೇ ಕೂಡಿಸಿಕೊಂಡ ಹೊಸ ಹಲ್ಲಿನ ಸೆಟ್ಟನ್ನು ಫಳಫಳ ಹೊಳೆಯಿಸುತ್ತ ಮನೆಗೆ ಮರಳಿದರು. ಹೊಸ್ತಿಲಿಗೆ ಅಡ್ಡಲಾಗಿ, ಕೋಟೆಯ ಅಗುಳಿಯಂತೆ ನಿಂತಿದ್ದಳು ನಾದಿನಿ ನೀಲಾಂಬಿಕೆ.

“ಅಕ್ಕನ ಹೆಸರು ಹೇಳ್ರಿ ಮಾವಾರ, ಒಳಗ ಬರ್ರಿ. ಇಲ್ಲಂದ್ರ ಬಿಡಂಗಿಲ್ಲ.”

ಮಾಸ್ತರರು ಪೇಚಿಗೆ ಸಿಕ್ಕರು. ಹೆಂಡತಿಯ ಹೆಸರನ್ನು ಲಗ್ನದ ದಿನ ಒಮ್ಮೆ ಹೇಳಿದ್ದೇ ಕಡೆ. ಅಂದಿನಿಂದ ‘ಏ, ಕೇಳ್ ಇಲ್ಲೆ’ ಎಂಬ ಒಂದೇ ಸಂಬೋಧನೆಯಲ್ಲಿ ಸಂಸಾರ ಸಾಗಿತ್ತು. ಆಕೆ ತಂಗಿಯ ಬೆನ್ನ ಹಿಂದೆ ಸೆರಗಿನ ಅಂಚು ಹಿಡಿದು ಕಾಯುತ್ತಿದ್ದುದನ್ನು ಕಂಡು ಅವರಿಗೆ ನಾಚಿಕೆಯಾಯಿತು. ಆದರೂ ವೀರರು ಅಳುಕು ತೋರುವುದುಂಟೇ?

“ಏ ನೀಲಾ, ಯಾರ ಮುಂದ ನಿಂತೀ ಗೊತ್ತೈತೇನು? ಋಕಾರ ಬಾರದ ಹುಡುಗರ ಬಾಯಾಗ ಋಕಾರ ಕುಣಿಯಂಗ ಮಾಡಿದಾಂವ ನಾನು!”

ಹೀಗೆ ಗರ್ಜಿಸಿ ದಂಡು ಹೊರಡಿಸಿದರು. ಶ್ವಾಸಕೋಶಗಳೆಂಬ ಜೋಡಿಕೋಟೆಯಿಂದ ಹೊರಟ ವಾಯುಸೇನೆ ಗಂಟಲನ್ನೇರಿತು. ಧ್ವನಿತಂತುಗಳೆಂಬ ಅವಳಿ ದ್ವಾರಪಾಲಕರು ನಡುಗದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಿರುನಾಲಿಗೆ ಮೇಲೆದ್ದು ಮೂಗಿನ ಕಳ್ಳದಾರಿಯನ್ನು ಮುಚ್ಚಿತು. ಅಸ್ಥಿರಹಿತ-ಅಪ್ರತಿಹತ-ಪರಾಕ್ರಮಿಯಾದ ಜಿಹ್ವೆಯು ಗಾಳಿಯನ್ನು ಇಕ್ಕಟ್ಟಿನಲ್ಲಿ ಹಾಯಿಸಲು ಅಂಗುಳದತ್ತ ಜಿಗಿಯಿತು. ಆದರೆ ಅಯ್ಯೋ, ಅಲ್ಲಿದ್ದದ್ದು ಹೊಸ ಸೆಟ್ಟಿನ ಪ್ಲಾಸ್ಟಿಕ್ಕಿನ ಅಂಗುಳ!

“ಸ್ವೀಈಈ...”

ಸೀಟಿ! ಓಣಿಯ ನಾಯಿ ಕಿವಿ ನಿಮಿರಿಸಿತು. ಗರ್ಜನೆ ಕೇಳಿ ನೆರೆದ ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎರಡನೆಯ ದಾಳಿಗೆ ಸೆಟ್ಟು ಕಳಚಿ ನಾಲಿಗೆಯ ಮೇಲೆಯೇ ಬಿತ್ತು.

“ಬಿಡ ನೀಲಾ, ಸಾಕು,” ಎಂದರು ಹೆಂಡತಿ ಮೆಲ್ಲಗೆ. “ಐವತ್ತು ವರ್ಷ ಕರೀಲಾರದ ಹೆಸರು, ಇನ್ನೇನು ಕರೀತಾರ?”

ಆ ಮಾತು ಬಾಣಕ್ಕಿಂತ ಆಳವಾಗಿ ನಾಟಿತು. ಮಾಸ್ತರರು ಕಣ್ಣು ಮುಚ್ಚಿದರು. ಸಾವಿರ ಸಲ ಹಲಗೆಯ ಮೇಲೆ ಬರೆದ ಪಾಠ ನೆನಪಾಯಿತು: ಶಕಾರ ಅಂಗುಳದ್ದು, ರಕಾರ ನಾಲಿಗೆಯ ತುದಿ ಮೇಲೆದ್ದು ಹುಟ್ಟುವಂಥದ್ದು, ಖಕಾರ ಕಂಠದ್ದು. ಆ ಹೆಸರಿನಲ್ಲಿ ಹಲ್ಲಿಗೆ ಕೆಲಸವೇ ಇಲ್ಲ! ನೆರೆದ ಜನರ ಹಂಗು ತೊರೆದು ಸೆಟ್ಟನ್ನು ಹೊರಗೆಳೆದು ಕರವಸ್ತ್ರದಲ್ಲಿ ಸುತ್ತಿದರು. ಬೊಚ್ಚುಬಾಯಿ ತೆರೆದು, ನಾಲಿಗೆಯನ್ನು ತಮ್ಮದೇ ಅಂಗುಳದ ಹತ್ತಿರಕ್ಕೆ ಒಯ್ದು, ಉಸಿರೆಲ್ಲ ಒಗ್ಗೂಡಿಸಿ ಕೂಗಿದರು.

“ಶಶಿರೇಖಾ!”

ಖಕಾರದ ಮಹಾಪ್ರಾಣ ಓಣಿಯ ಆ ತುದಿಯವರೆಗೆ ಕೇಳಿಸಿತು. ನೀಲಾಂಬಿಕೆ ತಾನಾಗಿ ದಾರಿ ಬಿಟ್ಟಳು. ಎಪ್ಪತ್ತರ ಶಶಿರೇಖಾ ಅವರ ಮುಖ ಕೆಂಪೇರಿತು. ಅವರು ಕಣ್ಣು ಕೆಳಗೆ ಹಾಕಿದರು.

“ಬರೋಬ್ಬರಿ ಕೇಳಲಿಲ್ರಿ. ಇನ್ನೊಮ್ಮೆ ಅನ್ರಿ.”

ವಿಜಯಿಯಾದ ಮಹಾವೀರರು ಏದುಸಿರು ಬಿಡುತ್ತ ಹೊಸ್ತಿಲ ಬಳಿಯೇ ಕುಕ್ಕರಿಸಿದರು.

“ಅಂತೀನಿ. ಮೊದ್ಲ ಒಂದು ತಂಬಿಗಿ ನೀರು ತಾ.”